ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್: ನಮ್ಮ ಮನೆಯಲ್ಲಿ ಆದದ್ದು ನಿಮಗಾಗಬಾರದು

ಅಪ್ಪನ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಹೆಬ್ಬೆರಳ ತುದಿಯಷ್ಟು. ಒತ್ತಿದರೆ ರಬ್ಬರಿನ ಹಾಗೆ, ಸ್ವಲ್ಪವೂ ನೋವಿಲ್ಲ. ನೋವಿಲ್ಲ ಅಂತಲೇ ನಾವು ಧೈರ್ಯವಾಗಿದ್ದೆವು. ಲಿಂಫೋಮಾ ಅನ್ನುವ, ಬಿಳಿ ರಕ್ತಕಣಗಳ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಮೊದಲು ಸೂಜಿ ಚುಚ್ಚಿ ಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಮಾಡಿದರು. ಸೋಂಕಿಗೆ ಊದಿಕೊಂಡ ಗಂಟು ಇರಬಹುದು ಅಂತ ರಿಪೋರ್ಟ್ ಬಂತು. ಸುಮ್ನೆ ಬಿಟ್ಟೆವು. ಎರಡು ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು ಗಂಟು. ಆಗ ಒಬ್ಬ ವೈದ್ಯರು ಊತ ಇಳಿಯಲಿ ಅಂತ ಸ್ಟೀರಾಯ್ಡ್ ಮಾತ್ರೆ ಬರೆದರು. ವಾರದಲ್ಲಿ ಗಂಟು ಅರ್ಧಕ್ಕೆ ಇಳಿಯಿತು. ಅಮ್ಮ ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿ "ಇವತ್ತು ಇನ್ನೂ ಸಣ್ಣಗಾಗಿದೆ" ಅನ್ನುತ್ತಿದ್ದರು.

ಮಾತ್ರೆ ಮುಗಿಯಿತು, ಗಂಟು ವಾಪಸ್ ಬಂತು. ಜೊತೆಗೆ ರಾತ್ರಿ ಬೆವರು. ಬನಿಯನ್ ಹಿಂಡಿದರೆ ನೀರು ಇಳಿಯುವಷ್ಟು.

ಕೊನೆಗೆ ರಕ್ತದ ಕ್ಯಾನ್ಸರ್ ನೋಡುವ ವೈದ್ಯರ ಹತ್ತಿರ ಹೋದೆವು. ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ, ಆಯಿತು. ರಿಪೋರ್ಟಿನಲ್ಲಿ ಇದ್ದದ್ದು ಬರೀ ಸತ್ತ ಜೀವಕೋಶಗಳು, ಏನೂ ಹೇಳಲಾಗದು ಅಂತ. ಸ್ಟೀರಾಯ್ಡ್ ಲಿಂಫೋಮಾದ ಕೋಶಗಳನ್ನು ಕೊಲ್ಲುತ್ತದೆ. ಅದಕ್ಕೇ ಚಿಕಿತ್ಸೆಯಲ್ಲೂ ಅದನ್ನು ಬಳಸುತ್ತಾರೆ. ಆದರೆ ಅದೊಂದರಿಂದಲೇ ರೋಗ ಹೋಗುವುದಿಲ್ಲ, ಸಾಕ್ಷಿ ಮಾತ್ರ ಅಳಿಸಿಹೋಗಬಹುದು. ಮತ್ತೆ ಕಾದು, ಬೇರೆ ಗಂಟನ್ನು ಇಡಿಯಾಗಿ ತೆಗೆಸಬೇಕಾಯಿತು.

ಇಡೀ ಗಂಟು ಯಾಕೆ ಬೇಕು ಅಂತ ಆಗ ಅರ್ಥವಾಯಿತು. ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು. ಗಂಟಿನೊಳಗೆ ಅವು ಹೇಗೆ ಕೂತಿವೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಲಿಂಫೋಮಾ ಒಂದೇ ಕಾಯಿಲೆಯೂ ಅಲ್ಲ. ಹಾಡ್ಜ್‌ಕಿನ್, ನಾನ್ ಹಾಡ್ಜ್‌ಕಿನ್ ಅಂತ ಎರಡು ದೊಡ್ಡ ಗುಂಪು, ಒಳಗೆ ಹತ್ತಾರು ವಿಧ, ವಿಧ ನೋಡಿ ಔಷಧಿ ಬದಲಾಗುತ್ತದೆ. ಕೋಶಗಳಿಗೆ ಬಣ್ಣ ಹಾಕಿ ಗುರುತು ಹುಡುಕುವ ಐಎಚ್‌ಸಿ ಪರೀಕ್ಷೆಯಲ್ಲಿ ಸಿಡಿ20 ಅನ್ನುವ ಗುರುತಿನ ಪ್ರೋಟೀನ್ ಇದೆ ಅಂತ ಬಂದ ಮೇಲೆಯೇ ಅಪ್ಪನದ್ದು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಅನ್ನುವ ವಿಧ ಅಂತ ಖಚಿತವಾಗಿದ್ದು, ಆ ಗುರುತಿಗೇ ಅಂಟುವ ರಿಟುಕ್ಸಿಮ್ಯಾಬ್ ಔಷಧಿ ಕೊಡಬಹುದು ಅಂತ ತಿಳಿದಿದ್ದು.

ನಾವೋ, ಬಾಯಿಬಿಟ್ಟರೆ "ಎಷ್ಟನೇ ಸ್ಟೇಜ್?" ಅಂತಲೇ ಕೇಳುತ್ತಿದ್ದೆವು. ಮೊದಲು ಕೇಳಬೇಕಾದ್ದು ಯಾವ ವಿಧ ಅಂತ, ಅಲ್ವಾ? ರೋಗ ಎಲ್ಲೆಲ್ಲಿದೆ ಅಂತ ನೋಡುವ ಪೆಟ್ ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೂ ಗಂಟು ಕಂಡವು. ಎದೆ ಮತ್ತು ಹೊಟ್ಟೆಯ ನಡುವಿನ ಪೊರೆಯ ಎರಡೂ ಕಡೆ ಗಂಟಿದ್ದರೆ ಅದು 3ನೇ ಹಂತ. ರಾತ್ರಿ ಬೆವರು ಇದ್ದದ್ದಕ್ಕೆ ಹಂತದ ಪಕ್ಕದಲ್ಲಿ 'ಬಿ' ಅಂತ ಬರೆದರು. ಕಾರಣವಿಲ್ಲದ ಜ್ವರ, 6 ತಿಂಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ತೂಕ ಇಳಿಯುವುದು, ಇವಕ್ಕೂ ಅದೇ ಅಕ್ಷರ. 3 ಅಂದ ಕೂಡಲೇ ಎದೆಗುಂದಬೇಡಿ. ಈ ವಿಧದಲ್ಲಿ 4ನೇ ಹಂತದಲ್ಲೂ ಪೂರ್ತಿ ವಾಸಿ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ.

ಉಸಿರುನಾಳ ಒತ್ತಿಹೋಗುವಂಥ ತುರ್ತಿನಲ್ಲಿ ಸ್ಟೀರಾಯ್ಡ್ ಮೊದಲೇ ಕೊಡಬೇಕಾಗಬಹುದು. ಅಲ್ಲಿ ತಡೆಯಬೇಡಿ. ಶುರುವಾಗಿದ್ದರೆ ನೀವಾಗಿ ನಿಲ್ಲಿಸಲೂ ಬೇಡಿ. ಅಂಥ ತುರ್ತು ಇಲ್ಲದಿದ್ದಾಗ, ಇಳಿಯದ ಗಂಟಿಗೆ ಸ್ಟೀರಾಯ್ಡ್ ಚೀಟಿ ಬಂದರೆ, "ಬಯಾಪ್ಸಿ ಆದ ಮೇಲೆ ಶುರು ಮಾಡೋಣವಾ ಡಾಕ್ಟ್ರೇ?" ಅಂತ ಕೇಳಿ. ಬಯಾಪ್ಸಿಯ ತುಣುಕನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಎಲ್ಲಿದೆ ಅಂತಲೂ ಬರೆದಿಟ್ಟುಕೊಳ್ಳಿ. ಇನ್ನೊಬ್ಬರ ಅಭಿಪ್ರಾಯ ಬೇಕಾದಾಗ ಅಪ್ಪನಿಗೆ ಮತ್ತೆ ಕತ್ತರಿ ಹಾಕುವುದು ತಪ್ಪಿದ್ದು ಅದರಿಂದಲೇ.