ದಿ ಪ್ರೌಲರ್ ನೋಡುವುದೋ, ದಿ ಬರ್ನಿಂಗ್ ನೋಡುವುದೋ?

ಎರಡೂ 1981ರ ಸ್ಲ್ಯಾಷರ್‌ಗಳು, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಮುಗಿಸುತ್ತ ಹೋಗುವ ಭಯಾನಕ ಚಿತ್ರಗಳು; ಎರಡರಲ್ಲೂ ರಕ್ತದ ಕೈಚಳಕ ಮೇಕಪ್ ಕಲಾವಿದ ಟಾಮ್ ಸವಿನಿಯದೇ. ಹೆಚ್ಚು ಕಡೆಗಣನೆಗೆ ಸಿಕ್ಕಿದ್ದು ಮಾತ್ರ ಜೋಸೆಫ್ ಝಿಟೊ ನಿರ್ದೇಶಿಸಿದ ‘ದಿ ಪ್ರೌಲರ್’. ಎರಡನೇ ಮಹಾಯುದ್ಧದ ಸಮವಸ್ತ್ರ, ಬಯನೆಟ್, ಹುಲ್ಲೆತ್ತುವ ಕವಲುಗೋಲು: ಕೊಲೆಗಾರನ ವೇಷವೇ ಅರ್ಧ ಕೆಲಸ ಮುಗಿಸುತ್ತದೆ. ಈಜುಕೊಳದ ಕೊಲೆಯಲ್ಲಿ ಕ್ಯಾಮೆರಾ ಗಾಯದಿಂದ ಬೇಗ ಕದಲುವುದಿಲ್ಲ; ಸವಿನಿಯ ಅತ್ಯುತ್ತಮ ಕೆಲಸ ಇದೇ ಅನ್ನಬಹುದು. ತೊಂದರೆ ಇರುವುದು ನಡುಭಾಗದಲ್ಲಿ. ಕತ್ತಲ ಮನೆಯಲ್ಲಿ ಸುಮ್ಮನೆ ಓಡಾಟ. ಕೊಲೆಗಾರ ಯಾರೆಂಬುದು ಬೇಗನೇ ಊಹೆಗೆ ಸಿಗುತ್ತದೆ, ಕಾರಣವನ್ನಂತೂ ಸರಿಯಾಗಿ ಬಿಡಿಸಿ ಹೇಳುವುದೇ ಇಲ್ಲ.

‘ದಿ ಬರ್ನಿಂಗ್’ನಲ್ಲಿ ಗುಟ್ಟೇ ಇಲ್ಲ, ಕೊಲೆಗಾರ ಮೊದಲೇ ಗೊತ್ತು. ಆದರೆ ಬೇಸಿಗೆ ಶಿಬಿರದ ಹುಡುಗರು ನಿಜವಾದ ಹುಡುಗರಂತೆಯೇ ಹರಟುತ್ತಾರೆ. ತೆಪ್ಪದ ದೃಶ್ಯ ಹಾಡಹಗಲಲ್ಲೇ ಬೆಚ್ಚಿಬೀಳಿಸುತ್ತದೆ. ಪಾತ್ರಗಳು ಮುಖ್ಯವೆನಿಸಿದರೆ ಇದನ್ನೇ ಆರಿಸಿ, ಮೇಕಪ್ ಕಸುಬು ನೋಡಬೇಕಿದ್ದರೆ ಪ್ರೌಲರ್. ಯಾವುದಾದರೂ ಸರಿ, ಕತ್ತರಿ ಬೀಳದ ಪ್ರತಿಯನ್ನೇ ಹುಡುಕಿ. ಕತ್ತರಿಸಿದ್ದರಲ್ಲಿ ಏಟು ಬೀಳುವ ಕ್ಷಣವೇ ಮಾಯ.