ರೋಲ್ಡ್ ಡಾಲ್ ಅವರ ‘ದಿ ವಿಚಸ್’, ಹೊಸ ಪಫಿನ್ ಪ್ರತಿ: ಕೊಳ್ಳೋ ಮುಂಚೆ ಒಂದು ಪುಟ ತಿರುಗಿಸಿ ನೋಡಿ

ಮಗಳಿಗೆ ಒಂಬತ್ತು ತುಂಬಿತು ಅಂತ, ಮಕ್ಕಳಿಗಾಗಿ ಬರೆದ ಬ್ರಿಟಿಷ್ ಲೇಖಕ ಡಾಲ್ ಅವರ ಈ ಪುಸ್ತಕವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕಾಲೇಜಿನಲ್ಲಿದ್ದಾಗ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪ್ರತಿ ಮನೆಯಲ್ಲೇ ಇತ್ತು, ಆದರೆ ಬೈಂಡಿಂಗ್ ಬಿಟ್ಟು ಹಾಳೆಗಳು ಉದುರುತ್ತಿದ್ದವು. ಹೊಸದರ ಕಾಗದ, ಅಕ್ಷರ, ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳು ಎಲ್ಲಾ ಚೆನ್ನಾಗಿವೆ. ತೊಂದರೆ ಇರೋದು ಮಾತುಗಳಲ್ಲಿ, ಪ್ರಕಾಶಕರಾದ ಪಫಿನ್‌ನವರು ಅಲ್ಲಲ್ಲಿ ಮೂಲದ ಮಾತುಗಳನ್ನೇ ಬದಲಾಯಿಸಿದ್ದಾರೆ.

ರಾತ್ರಿ ಊಟ ಆದಮೇಲೆ ನಾನು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತೇನೆ. ಆ ವಾರ ಅಕ್ಕ ನಮ್ಮ ಮನೆಯಲ್ಲಿದ್ದಳು. ಕೀಮೋ ಆಗಿ ಕೂದಲು ಉದುರಿದೆ, ವಿಗ್ ಹಾಕಿಕೊಳ್ಳುತ್ತಾಳೆ. ಈ ಕಥೆಯಲ್ಲಿ ಮಾಟಗಾತಿಯರೆಲ್ಲ ಬೋಳು ತಲೆಯವರು, ವಿಗ್ ಹಾಕಿಕೊಂಡು ಓಡಾಡುವವರು. ಓದಲೋ ಬೇಡವೋ ಅಂತ ನಾನು ಹಿಂದೆ ಮುಂದೆ ನೋಡಿದೆ. ಅಕ್ಕನೇ ‘ಓದೇ, ನನಗೇನೂ ಆಗಲ್ಲ’ ಅಂದಳು.

ಕಥೆಯ ಹುಡುಗ ತನ್ನ ಅಜ್ಜಿಗೆ ಹೇಳುತ್ತಾನೆ, ಹಾಗಾದರೆ ಸಿಕ್ಕ ಹೆಂಗಸರ ಕೂದಲು ಎಳೆದು ನೋಡಿದರೆ ಆಯಿತಲ್ಲ ಅಂತ. ಹೊಸ ಪ್ರತಿಯಲ್ಲಿ ಅಜ್ಜಿ ಕೊಡುವ ಉತ್ತರ: ಪೆದ್ದನ ಹಾಗೆ ಆಡಬೇಡ, ಹೆಂಗಸರು ವಿಗ್ ಹಾಕಿಕೊಳ್ಳೋಕೆ ಬೇರೆ ಎಷ್ಟೋ ಕಾರಣ ಇರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಈ ಸಾಲು ನನಗೆ ನೆನಪೇ ಇರಲಿಲ್ಲ. ಎದ್ದು ಹೋಗಿ ಹಳೇ ಪ್ರತಿ ತಂದೆ. ಅದರಲ್ಲಿ ಅಜ್ಜಿ ಹೇಳೋದೇ ಬೇರೆ: ಕಂಡವರ ಕೂದಲೆಲ್ಲ ಎಳೆಯೋಕಾಗಲ್ಲ, ಬೇಕಾದರೆ ಎಳೆದು ನೋಡು, ಏನಾಗುತ್ತೆ ಅಂತ ಗೊತ್ತಾಗುತ್ತೆ! ಇದಕ್ಕೆ ಅಕ್ಕ ಜೋರಾಗಿ ನಕ್ಕಳು. ಹೊಸ ಪ್ರತಿಯ ಸಾಲಿಗೆ ಸುಮ್ಮನಾಗಿದ್ದಳು. ಆಮೇಲೆ ಕೇಳಿದರೆ, ‘ಅಲ್ಲಿ ತನಕ ಕಥೆ ಕೇಳ್ತಾ ಇದ್ದೆ ಕಣೇ, ಆ ಮಾತು ಬಂದಾಗ ಎಲ್ಲರೂ ನನ್ನ ತಲೆ ನೋಡಿದ ಹಾಗಾಯ್ತು’ ಅಂದಳು. ಯಾರ ಮನಸ್ಸು ನೋಯಬಾರದು ಅಂತ ಆ ಸಾಲು ಸೇರಿಸಿದರೋ ಅವಳಿಗೇ ಅದು ಚುಚ್ಚಿತು.

ಆ ಅಜ್ಜಿ ನಾರ್ವೆಯವಳು, ಚುಟ್ಟಾ ಸೇದುವವಳು. ನೇರ ಮಾತಿನವಳು. ಅವಳ ಬಾಯಲ್ಲಿ ಈ ಉಪದೇಶ ಕೂರುವುದೇ ಇಲ್ಲ. ಇನ್ನೊಂದು ಕಡೆ, ಮಾಟಗಾತಿ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಹಾಕುವವಳೂ ಆಗಿರಬಹುದು ಅಂತ 1983ರಲ್ಲಿ ಬರೆದಿದ್ದನ್ನು ತೆಗೆದು, ದೊಡ್ಡ ವಿಜ್ಞಾನಿ ಅಂತ ಮಾಡಿದ್ದಾರೆ. ದಿನಾ ನೋಡುವ ಸಾಮಾನ್ಯ ಹೆಂಗಸೇ ಮಾಟಗಾತಿ ಇರಬಹುದು ಅನ್ನೋದರಲ್ಲೇ ಅಲ್ವಾ ಭಯ ಇರೋದು? ಮಕ್ಕಳು ದಿನಾ ವಿಜ್ಞಾನಿಗಳನ್ನು ಎಲ್ಲಿ ನೋಡುತ್ತಾರೆ?

ಇಂಥ ನೂರಾರು ಬದಲಾವಣೆಗಳನ್ನು ಡಾಲ್ ಪುಸ್ತಕಗಳಲ್ಲಿ ಮಾಡಿದ್ದಾರೆ ಅಂತ 2023ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಬರೆದಾಗ ದೊಡ್ಡ ಗಲಾಟೆ ಆಯಿತು. ಸಲ್ಮಾನ್ ರಶ್ದಿ ಇದನ್ನು ಸೆನ್ಸಾರ್‌ಶಿಪ್ ಅಂತಲೇ ಕರೆದರು. ಡಾಲ್ ಅವರ ಇನ್ನೊಂದು ಪುಸ್ತಕ ‘ಮಟಿಲ್ಡಾ’ದಲ್ಲಿ ಪುಟ್ಟ ಹುಡುಗಿ ಕಿಪ್ಲಿಂಗ್ ಪುಸ್ತಕ ಓದುತ್ತಾ ಇಂಡಿಯಾಕ್ಕೆ ಹೋಗುತ್ತಿದ್ದಳು. ಈಗ ಅಮೆರಿಕದ ಲೇಖಕ ಸ್ಟೈನ್‌ಬೆಕ್ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾಳೆ. ಕಿಪ್ಲಿಂಗ್ ಬ್ರಿಟಿಷ್ ಸಾಮ್ರಾಜ್ಯದ ಪರ ಇದ್ದವರು, ನಿಜ. ಅದರಿಂದ ನೋವಾಗಬೇಕಾದವರು ನಾವು, ಆದರೆ ಪುಸ್ತಕದ ಆ ಸಾಲಿನಿಂದ ಮಾಯವಾಗಿದ್ದೂ ನಮ್ಮ ದೇಶವೇ. ನನಗೆ ಇದು ನಿಜಕ್ಕೂ ಬೇಜಾರಾಯಿತು.

ಏನನ್ನೂ ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಡಾಲ್ ಅವರ 1964ರ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ಯಲ್ಲಿ ಚಾಕೊಲೇಟ್ ಕಾರ್ಖಾನೆಯ ಕೆಲಸದವರು ಆಫ್ರಿಕಾದ ಕಾಡಿನಿಂದ ತಂದ ಕುಳ್ಳ ಕಪ್ಪು ಜನ ಆಗಿದ್ದರು. ಅದು ಗುಲಾಮಗಿರಿಯ ಹಾಗೇ ಇದೆ ಅಂತ ಅಮೆರಿಕದಲ್ಲಿ ಜನ ಆಕ್ಷೇಪ ಎತ್ತಿದರು. 1970ರ ದಶಕದಲ್ಲಿ ಡಾಲ್ ತಾವೇ ಕೂತು ಬದಲಾಯಿಸಿದರು. ಅದು ಆಗಬೇಕಾಗಿತ್ತು. ಬರೆದ ಕೈಯೇ ತಿದ್ದಿದ್ದರಿಂದ ಕಥೆಯ ದನಿಯೂ ಕೆಡಲಿಲ್ಲ. 1990ರಲ್ಲಿ ಅವರು ತೀರಿಕೊಂಡರು, ಈಗಿನ ತಿದ್ದುಪಡಿಗೆ ಅವರನ್ನು ಕೇಳುವ ಹಾಗಿಲ್ಲ.

ನಾನೂ ಮಕ್ಕಳಿಗೆ ಕಥೆ ಬರೆಯುತ್ತೇನೆ, ಅದಕ್ಕೇ ಇಷ್ಟು ಹೇಳುತ್ತಿರೋದು. ಹಿಂದೊಮ್ಮೆ ಒಂದು ಪತ್ರಿಕೆಗೆ ಕಳಿಸಿದ ಕಥೆಯಲ್ಲಿ ಪುಂಡ ಹುಡುಗನೊಬ್ಬ ಗೆಳೆಯನನ್ನು ‘ಡುಮ್ಮ’ ಅಂತ ರೇಗಿಸುತ್ತಾನೆ, ಮಾರನೇ ದಿನದಿಂದ ಆ ಗೆಳೆಯ ಶಾಲೆಗೇ ಬರುವುದಿಲ್ಲ. ‘ಡುಮ್ಮ’ ತೆಗೆಯಿರಿ, ಈಗ ಇದೆಲ್ಲ ನಡೆಯಲ್ಲ ಅಂದರು. ತೆಗೆದೆ. ಅಚ್ಚಾದಮೇಲೆ ಮಗಳು ಓದಿ, ‘ಅವನು ಯಾಕಮ್ಮ ಶಾಲೆಗೆ ಬರ್ಲಿಲ್ಲ?’ ಅಂತ ಕೇಳಿದಳು. ಆ ಮಾತಿನ ನೋವು ಕಾಣಲಿ ಅಂತಲೇ ಬರೆದ ಕಥೆ, ಆ ಮಾತೇ ಇಲ್ಲದೆ ಏನೂ ಉಳಿದಿರಲಿಲ್ಲ. ಆಮೇಲೆ ಬರೆಯೋಕೆ ಕೂತಾಗಲೆಲ್ಲ ಕೈ ತಡೆಯುತ್ತದೆ, ಪೆನ್ನು ಮುಟ್ಟುವ ಮುಂಚೆಯೇ ಮನಸ್ಸಿನಲ್ಲಿ ಮಾತುಗಳನ್ನು ಅಳಿಸುತ್ತಿರುತ್ತೇನೆ.

ಕೊಳ್ಳುವವರಿಗೆ: ಕಾಪಿರೈಟ್ ಪುಟದ ಕೆಳಗೆ, ಎಲ್ಲರೂ ಓದಿ ಖುಷಿಪಡಲಿ ಅಂತ ಭಾಷೆಯನ್ನು ಆಗಾಗ ಪರಿಶೀಲಿಸುತ್ತೇವೆ ಅನ್ನುವ ಅರ್ಥದ ಸಣ್ಣ ಟಿಪ್ಪಣಿ ಇದ್ದರೆ ಅದು ತಿದ್ದಿದ ಪ್ರತಿ. ಮೂಲ ಪಠ್ಯ ಬೇಕು ಅಂದರೆ ‘ರೋಲ್ಡ್ ಡಾಲ್ ಕ್ಲಾಸಿಕ್ ಕಲೆಕ್ಷನ್’ ಅಂತ ಹುಡುಕಿ, ಪೆಂಗ್ವಿನ್ ಗುರುತು ಇರುತ್ತದೆ. ಗಲಾಟೆಯ ನಂತರ 17 ಪುಸ್ತಕಗಳನ್ನು ಹಾಗೆ ತರುವುದಾಗಿ ಪ್ರಕಾಶಕರೇ ಹೇಳಿದರು. ಎರಡೂ ಸಿಗುವಂತೆ ಮಾಡಿದ್ದಕ್ಕೆ ಅವರಿಗೆ ಒಂದು ನಕ್ಷತ್ರ ಜಾಸ್ತಿ ಕೊಡುತ್ತೇನೆ. ಹೊಸ ಪ್ರತಿಗೆ ಐದಕ್ಕೆ ಎರಡೂವರೆ, ಅದೂ ಚಿತ್ರಗಳಿಗಾಗಿ.

ನಾನಂತೂ ಹಳೇ ಪ್ರತಿಗೇ ಹೊಸ ಬೈಂಡ್ ಹಾಕಿಸಿದೆ. ಹುಡುಗ ಇಲಿಯಾಗುವ ತನಕ ಓದಿದ್ದೇವೆ. ಅಕ್ಕ ಊರಿಗೆ ಹೋಗಿದ್ದಾಳೆ, ಮುಂದಿನದನ್ನು ಫೋನ್‌ನಲ್ಲಿ ಕೇಳುತ್ತಿದ್ದಾಳೆ.