ಮೆನ್ಜೆಲ್‌ನ ಚಿತ್ರಕ್ಕೆ ಕತ್ತರಿ ಹಾಕಿದ ಪ್ರಿಂಟ್

ಜರ್ಮನ್ ಚಿತ್ರಕಾರ ಅಡಾಲ್ಫ್ ಮೆನ್ಜೆಲ್ 1878ರಲ್ಲಿ ಬಿಡಿಸಿದ 'ಬಾಲ್‌ಸುಪೇ' ಚಿತ್ರದ ಪ್ರಿಂಟ್ ಅನ್ನು ಬರ್ಲಿನ್‌ನ ಒಂದು ಅಂಗಡಿಯಿಂದ ತರಿಸಿಕೊಂಡೆ. ಬೆಲೆ 48 ಯೂರೋ. ಮೂರನೆಯ ದಿನವೇ ಬಂತು. ಗಟ್ಟಿ ರಟ್ಟಿನ ಕೊಳವೆ, ದಪ್ಪ ಕಾಗದ, ಒಂದು ಮೂಲೆಯೂ ಮಡಚಿರಲಿಲ್ಲ. ಅಷ್ಟರ ಮಟ್ಟಿಗೆ ದೂರಿಲ್ಲ.

ಆದರೆ ಗೋಡೆಗೆ ಹಿಡಿದು ನೋಡಿದಾಗ ಹೊಟ್ಟೆ ಉರಿಯಿತು. ಮೂಲ ಚಿತ್ರ 71 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ. ನನಗೆ ಬಂದದ್ದು 60ಕ್ಕೆ 90. ಸಿದ್ಧ ಚೌಕಟ್ಟಿಗೆ ಹೊಂದಲೆಂದು ಮೇಲೆ ಕೆಳಗೆ ಸೇರಿ 11 ಸೆಂ.ಮೀ. ಕತ್ತರಿಸಿಬಿಟ್ಟಿದ್ದಾರೆ!

ಚಿತ್ರದಲ್ಲಿರುವುದು ಆಸ್ಥಾನದ ನೃತ್ಯಕೂಟದ ನಡುವಿನ ಊಟದ ಹೊತ್ತು. ಹೆಂಗಸರಿಗೆ ಕುರ್ಚಿ ಸಿಕ್ಕಿದೆ, ಸಮವಸ್ತ್ರದ ಗಂಡಸರು ನಿಂತೇ ತಿನ್ನುತ್ತಿದ್ದಾರೆ. ಮುಂದೆ ನಿಂತವನೊಬ್ಬನಿಗೆ ತಟ್ಟೆ, ಲೋಟ, ಚಾಕು ಎಲ್ಲವನ್ನೂ ಹಿಡಿಯಲು ಎರಡು ಕೈ ಸಾಲದೆ, ಟೋಪಿಯನ್ನು ತೊಡೆಗಳ ನಡುವೆ ಅಮುಕಿಕೊಂಡಿದ್ದಾನೆ. ಇಡೀ ಚಿತ್ರದ ಜೀವ ಆ ಟೋಪಿಯಲ್ಲಿದೆ ಎನ್ನುವವನು ನಾನು. ಅಷ್ಟು ಚಿನ್ನದ ಅಲಂಕಾರ, ಅಷ್ಟು ದೀಪ. ಅದರ ಕೆಳಗೆ ಹಸಿದ ಮನುಷ್ಯನ ಪೇಚಾಟ. ಪ್ರಿಂಟ್‌ನಲ್ಲಿ ಅವನ ಕಾಲನ್ನೇ ಮೊಟಕು ಮಾಡಿದ್ದಾರೆ.

ಬಣ್ಣವೂ ಹಾಳು. ಮೂಲದಲ್ಲಿ ಹಿಂದಿನ ಗುಂಪು ಬೆಚ್ಚನೆಯ ಬೆಳಕಿನಲ್ಲಿ ಕರಗಿ ಚುಕ್ಕೆಗಳಾಗುತ್ತದೆ. ಇಲ್ಲಿ ನೆರಳನ್ನೆಲ್ಲ ತಿಳಿಗೊಳಿಸಿ, ಅಂಚುಗಳನ್ನು ಚೂಪು ಮಾಡಿದ್ದಾರೆ. ಮೇಣದಬತ್ತಿಯ ಹೊನ್ನು ನಿಂಬೆ ಹಳದಿಯಾಗಿದೆ. ಫ್ರೆಂಚ್ ಚಿತ್ರಕಾರ ಎಡ್ಗರ್ ಡೇಗಾ ಇದೇ ಚಿತ್ರವನ್ನು ನೆನಪಿನಿಂದ ನಕಲು ಮಾಡಿದ್ದಾನೆ, ಅದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ. ವಿವರಗಳನ್ನು ಬಿಟ್ಟರೂ ಬೆಳಕನ್ನೂ ಜನಜಂಗುಳಿಯನ್ನೂ ಅವನು ಬಿಡಲಿಲ್ಲ.

ಅಂಗಡಿಗೆ ಬರೆದೆ. 'ಗಿರಾಕಿಗಳಿಗೆ ಹೊಳಪೇ ಇಷ್ಟ' ಎಂದು ಉತ್ತರ ಬಂತು. ಹಣ ಹಿಂದಿರುಗಿಸಲಿಲ್ಲ, ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರವನ್ನು, ಬಣ್ಣ ತಿದ್ದದೆ, ಅರ್ಧ ಬೆಲೆಗೆ ಮತ್ತೆ ಮುದ್ರಿಸಿಕೊಟ್ಟರು. ಎರಡನೆಯದು ಎಷ್ಟೋ ವಾಸಿ. ಕೊಳ್ಳುವವರು ಮೊದಲೇ ಅಳತೆ ಕೇಳಿ, 'ಕತ್ತರಿಸಬೇಡಿ' ಎಂದು ಬರೆದುಕೊಡಿ.

ಬರ್ಲಿನ್‌ಗೆ ಹೋಗುವವರಾದರೆ ಮ್ಯೂಸಿಯಂ ದ್ವೀಪದ ಹಳೆಯ ರಾಷ್ಟ್ರೀಯ ಗ್ಯಾಲರಿಗೆ ಹೋಗಿ, ಮೂಲ ಚಿತ್ರ ಅಲ್ಲೇ ಇದೆ. ಸೋಮವಾರ ಬೇಡ, ಅಂದು ರಜೆ. ಮೊದಲು ದೂರದಿಂದ ದೀಪಗಳನ್ನು ನೋಡಿ. ಆಮೇಲೆ ಹತ್ತಿರ ಹೋಗಿ ಆ ಟೋಪಿಯನ್ನು ಹುಡುಕಿ.